ಹೊರಟವನನ್ನು ಕೇಳಬೇಕಾದ ಮಾತು

“ಮರುಭೂಮಿ ಕಣಿವೆ ಅಂದ್ರೆ ನಂಗೆ ಮನೆ ಹಿತ್ಲ ಇದ್ದಾಂಗೆ” ಎನ್ನುವ ಕೇಣಿಯ ತುಳಸಿದಾಸ ಬಾಳೆಗುಳಿ ಕ್ರಾಸಿನಾಚೆಗೆ ನಡೆದು ಹೋದವನೇ ಅಲ್ಲ. ಕೈಗಾಕ್ಕೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲೂ ಕಾಲು ಕುಣಿಸುತ್ತ, “ದೂರದಲ್ಲಿ ಮೋಡ ಕಂಡ್ರೂ ನೆರೆ ನುಗ್ಗೂಕೆ ಮುಂಚೆ ಕಣಿವೆ ಬಿಟ್ಟು ಮೇಲೆ ಹತ್ಬೇಕು” ಎಂದು ಪಕ್ಕದವರ ನಿದ್ದೆ ಕೆಡಿಸುತ್ತಾನೆ. ಮರುಭೂಮಿಯ ಚಾರಣಕ್ಕೆಂದು ಅವನು ತುಂಬಿಟ್ಟ ನೀರಿನಲ್ಲಿ ದೋಣಿಯನ್ನೇ ತೇಲಿಸಬಹುದು. ಮೀನು ತರಲು ಹೊರಟರೂ ಹೆಂಡತಿ ವೈಜಯಂತಿಗೆ ಹೋಗುವ ದಾರಿ, ಮರಳುವ ಹೊತ್ತು ಹೇಳದೆ ಮೆಟ್ಟಿಲಿಳಿಯುವುದಿಲ್ಲ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳುವುದು ಅಪಶಕುನವೆಂದು ಮನೆಯವರು ಸುಮ್ಮನಿದ್ದುದರಿಂದಲೇ, ಕಡಲಿಗೆ ಹೋಗಿ ಮರಳದ ಅವನ ಅಪ್ಪನನ್ನು ಎತ್ತ ಹುಡುಕಬೇಕೆಂದು ಅಂದು ಯಾರಿಗೂ ತಿಳಿಯಲಿಲ್ಲ. ಕೊನೆಗೂ ಮರುಭೂಮಿಯ ರೈಲು ಹಿಡಿಯುವ ದಿನ ಅವನು ಚೀಲ ಹೊತ್ತು ಹೊಸ್ತಿಲಲ್ಲೇ ನಿಂತುಬಿಟ್ಟ. “ಹೆದ್ರಿಕೆ ಆಯ್ತಾ ನಿಮ್ಗೆ?” ಎಂದು ವೈಜಯಂತಿ ನಕ್ಕಳು. “‘ಎಲ್ಲಿಗೆ’ ಅಂತ ಕೇಳೇ! ಕೇಳ್ದೇ ಇದ್ರೆ ಹುಡ್ಕೂಕೆ ಎಲ್ಲಿಗೆ ಬರ್ತೆ?”