ಎಲ್ಲಾ ಬಲ್ಲ ಗುರುವಿನ ಮೇಲೆ ಅಜ್ಜಿಯ ಗುಮಾನಿ
ಮಿರಜಿನ ಕಿರಾಣಿ ಅಂಗಡಿಯ ಸುನಂದಾಬಾಯಿಗೆ ಸಂಶಯವೇ ಉಸಿರು. ತೆಂಗಿನಕಾಯಿಯನ್ನು ಎರಡೂ ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ. ಮಾಲಗಾಂವದ ದ್ರಾಕ್ಷಿ ಸಿಹಿ ಎಂದರೆ ಗೊಂಚಲಿನ ತುದಿಯ ಹಣ್ಣನ್ನೇ ಕಿತ್ತು ತಿಂದು ನೋಡುತ್ತಾಳೆ. ಮೊಮ್ಮಗಳು ಅನುಜಾ ಮರಾಠಿಯಲ್ಲಿ ಬರೆಯುತ್ತಿರುವ ಮಾಯಾಲೋಕದ ಕಾದಂಬರಿಯನ್ನು ಓದಿ ಹೇಳಿದರೂ ಅದೇ ಪಾಡು. "ನಿನ್ನ ಕಥಿಯೊಳಗಿನ ಗುರು ಮೊದಲನೇ ಅಧ್ಯಾಯದಾಗೂ ಬೆಟ್ಟ ಸೀಳಿದ, ಹತ್ತನೇದರಾಗೂ ಬೆಟ್ಟಾನ ಸೀಳತಾನ. ಶಿಷ್ಯಾ ಬೆಳದ, ಇಂವ ಏನ ಮಾಡಾಕತ್ತಿದ್ದ?" "ಅವಗ ಎಲ್ಲಾ ಬರತೈತಿ, ಅಜ್ಜಿ." "ಎಲ್ಲಾ ಬರತೈತಿ ಅನ್ನಾವನ್ನ ನಂಬಬ್ಯಾಡ. ಶಿಷ್ಯಾನ ಜೋಡಿ ತಾನೂ ಬೆಳೀಲಿಲ್ಲಂದ್ರ, ನಾಳೆ ಅವನ ಕಾಲ ಹಿಡದು ಜಗ್ಗತಾನ." ಕನ್ನಡವಷ್ಟೇ ಓದಬಲ್ಲ ಅಜ್ಜಿಗೆ, ಹುಡುಗಿ ಓದುವಾಗ ಪುಟ ಹಾರಿಸುತ್ತಾಳೆಂಬ ಗುಮಾನಿ ಬೇರೆ. ಮೊನ್ನೆ ಅನುಜಾ ಅಜ್ಜಿಯ ದಿಂಬು ಕೊಡವಿದಾಗ ಒಂದನೇ ತರಗತಿಯ ಮರಾಠಿ ಪುಸ್ತಕ ಬಿತ್ತು. ಅಂಚಿನ ತುಂಬ ನಡುಗುವ ಮರಾಠಿ ಅಕ್ಷರಗಳಲ್ಲಿ 'ಅನುಜಾ', 'ಅನುಜಾ' ಎಂದು ಅಜ್ಜಿ ತಿದ್ದಿದ್ದಳು.