ಕೆಂಪು ಗೀಟಿನ ಚೀಲದಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ರಸ್ತೆಯಾಚೆ ಮನರಂಜನಾ ಪಾರ್ಕಿನ ಗೇಟಿಗೆ ಬೀಗ ಬಿದ್ದಿದೆ. ಗೇಟಿನ ಮೇಲೆ ಹಲ್ಲು ಕಿರಿದು ನಿಂತ ಸಿಮೆಂಟಿನ ಕರಡಿ ಈ ಅರೆಗತ್ತಲಲ್ಲಿ ಸ್ವಲ್ಪ ಸಿಟ್ಟಾದಂತೆ ಕಾಣುತ್ತದೆ. ಈಚೆ ಬದಿಯಲ್ಲಿ ಒಬ್ಬ ಹೆಂಗಸು ತಮ್ಮ ಅಂಗಡಿಯ ಮುಂದೆ ಗುಡಿಸಿ ಮುಗಿಸುತ್ತಾರೆ. ಪೊರಕೆಯನ್ನು ಮೂಲೆಗೆ ಒರಗಿಸಿ ಬಾಗಿಲ ಹಿಂದಿನಿಂದ ಒಂದು ಕೋಲು ತರುತ್ತಾರೆ. ನೆಲ ಒರೆಸುವ ಮಾಪಿನ ಹಳೆಯ ಹಿಡಿ ಅದು, ತುದಿ ಕತ್ತರಿಸಿದ್ದು. ಗೋಡೆಗೆ ಒತ್ತಿ ನೆಟ್ಟಗೆ ನಿಲ್ಲಿಸಿ, ಮೊಣಕಾಲೂರಿ ಬುಡ ನೋಡುತ್ತಾರೆ, ಎದ್ದು ತುದಿ ನೋಡುತ್ತಾರೆ. ಕೋಲಿನ ತುದಿಯೂ ಗೋಡೆಯ ಮೇಲಿನ ಕೆಂಪು ಗೀಟೂ ಒಂದೇ ಮಟ್ಟಕ್ಕಿವೆ.

ಒಳಗಿನಿಂದ ಅವರ ಅತ್ತೆಯ ದನಿ ಬರುತ್ತದೆ. "ಏನಂತೆ? ಗೋಡೆ ರಾತ್ರಿ ಎಲ್ಲಾದ್ರೂ ಎದ್ದು ಹೋಗಿತ್ತಾ?"

"ಇಲ್ಲ ಅತ್ತೆ, ಇಲ್ಲೇ ಮಲಗಿತ್ತು."

"ಹಾಗಾದ್ರೆ ಟೀ ಇಡು. ಗೋಡೆ ಟೀ ಕುಡಿಯಲ್ಲ, ನಾನು ಕುಡೀತೀನಿ."

ಪಾರ್ಕಿಗೆ ಬರುವ ಜನ ಇವರನ್ನು ಚೀಲದಕ್ಕ ಎಂದು ಕರೆಯುತ್ತಾರೆ. ಊರೂರಿನಿಂದ ಬಸ್ಸಿಳಿಯುವವರ ಚೀಲಗಳನ್ನು ಇಟ್ಟುಕೊಳ್ಳುವುದು, ನೀರಾಟ ಮುಗಿಸಿ ಬಂದವರ ಒದ್ದೆ ಬಟ್ಟೆ ಹಿಂಡಿ ಮಹಡಿಯ ಮೇಲೆ ಒಣಗಿಸಿಕೊಡುವುದು ಇವರ ಕೆಲಸ. ಮುಂಗೋಣೆ ಪೂರ್ತಿ ಮರದ ಕಪಾಟು. ಪ್ರತಿ ಖಾನೆಗೂ ಒಂದು ಹಳೆಯ ಗುಂಡಿ ನೇತು ಹಾಕಿದ್ದಾರೆ. ಒಂದು ಖಾನೆಗೆ ಕೋಟಿನ ದೊಡ್ಡ ಕಪ್ಪು ಗುಂಡಿ, ಇನ್ನೊಂದಕ್ಕೆ ಮಗುವಿನ ಅಂಗಿಯ ಹಳದಿ ಗುಂಡಿ. ಚೀಲ ಕೊಟ್ಟವರ ಕೈಗೆ ಅದರ ಜೋಡಿ ಗುಂಡಿ ಹೋಗುತ್ತದೆ. ನಂಬರು ಬರೆದ ಬಿಲ್ಲೆಗಳನ್ನು ಮೊದಲು ಮಾಡಿಸಿದ್ದರಂತೆ. ಆರು ಯಾವುದು, ಒಂಬತ್ತು ಯಾವುದು ಎಂದು ಎರಡು ಸಂಸಾರಗಳು ಜಗಳವಾಡಿ ಒಬ್ಬರ ಚಡ್ಡಿ ಇನ್ನೊಬ್ಬರ ಊರಿಗೆ ಹೋದ ಮೇಲೆ ಗುಂಡಿಗೆ ಬಂದರು.

ಈ ಸಂಪಾದನೆ ರಜೆಯ ತಿಂಗಳುಗಳಲ್ಲಿ ಮಾತ್ರ. ಉಳಿದ ಕಾಲದಲ್ಲಿ ಹತ್ತಿರದ ಹಾಸ್ಟೆಲಿನ ಹೊದಿಕೆ ಒಗೆದುಕೊಡುತ್ತಾರೆ. ಗಂಡ ಹಾಲಿನ ವ್ಯಾನು ಓಡಿಸುತ್ತಾರೆ. ಇವರು ಏಳುವ ಹೊತ್ತಿಗೆ ಅವರು ಮನೆಯಲ್ಲಿರುವುದಿಲ್ಲ. ಸೋಪಿನ ನೀರಿನಲ್ಲಿ ಸದಾ ನೆನೆದು ಚೀಲದಕ್ಕನ ಬೆರಳ ತುದಿಗಳು ಬಿರಿದಿವೆ. ಮಾತನಾಡುವಾಗ ಅವನ್ನು ಸೆರಗಿನಲ್ಲಿ ಬಚ್ಚಿಡುತ್ತಾರೆ. ಕೈ ಆಡಿಸಿ ಮಾತನಾಡುವ ಅಭ್ಯಾಸವಿರುವುದರಿಂದ ಅವು ಮತ್ತೆ ಮತ್ತೆ ಹೊರಗೆ ಬಂದುಬಿಡುತ್ತವೆ.

ಅವರು ದುಡ್ಡು ತೆಗೆದುಕೊಳ್ಳದೆ ಮಾಡುವ ಇನ್ನೊಂದು ಕೆಲಸವಿದೆ. ಆ ಕೆಲಸದ ಸಾಧನ ಈ ಗೋಡೆ.

ಗೋಡೆಯ ಮೇಲೆ ಎರಡು ಗೀಟುಗಳಿವೆ. ಕೆಳಗಿನ ನೀಲಿ ಗೀಟಿಗಿಂತ ಕುಳ್ಳಗಿರುವ ಮಗುವಿಗೆ ಪಾರ್ಕಿನಲ್ಲಿ ಟಿಕೆಟ್ಟೇ ಇಲ್ಲ. ಮೇಲಿನ ಕೆಂಪು ಗೀಟು ಮುಟ್ಟದ ಮಗುವನ್ನು ಡ್ರ್ಯಾಗನ್ ಎಂಬ, ಎತ್ತರಕ್ಕೇರಿ ಒಮ್ಮೆಲೇ ಕೆಳಗೆ ಧುಮುಕುವ ದೈತ್ಯ ರೈಡಿಗೆ ಹತ್ತಿಸುವುದಿಲ್ಲ. ಟಿಕೆಟ್ಟಿನಲ್ಲೂ ಎರಡು ಬಗೆ. ನೀರಾಟಕ್ಕೂ ಸಣ್ಣ ರೈಡುಗಳಿಗೂ ಸಣ್ಣ ಟಿಕೆಟ್ಟು, ಡ್ರ್ಯಾಗನ್ನೂ ಸೇರಿದರೆ ದೊಡ್ಡ ಟಿಕೆಟ್ಟು. ಕೌಂಟರಿನಲ್ಲಿ ಕೇಳಿದವರಿಗೆಲ್ಲ ದೊಡ್ಡ ಟಿಕೆಟ್ಟು ಕೊಡುತ್ತಾರೆ. ಎತ್ತರ ಸಾಲದು ಎಂದು ಗೊತ್ತಾಗುವುದು ಒಳಗೆ ಬಿಸಿಲಿನಲ್ಲಿ ಉದ್ದ ಸರತಿ ನಿಂತು ಮುಂದೆ ಬಂದಾಗ.

"ಆ ಸರತಿಯ ತುದೀಲಿ ಕೋಲು ಹಿಡ್ಕೊಂಡು ನಿಲ್ತಿದ್ದವಳು ನಾನೇ," ಎನ್ನುತ್ತಾರೆ ಚೀಲದಕ್ಕ. ಅಂಗಡಿ ಹಾಕುವ ಮೊದಲು ಕೆಲವು ವರ್ಷ ಅವರು ಪಾರ್ಕಿನೊಳಗೆ ಕೆಲಸಕ್ಕಿದ್ದರು. "ಟಿಕೆಟ್ ಕೌಂಟರಿನಲ್ಲಿ ಅಪ್ಪ ಹೇಳ್ತಾನೆ, ಮಂಡಿ ಬಗ್ಗಿಸು ಮಗಾ. ಡ್ರ್ಯಾಗನ್ ಮುಂದೆ ಅದೇ ಅಪ್ಪ ಹೇಳ್ತಾನೆ, ತುದಿಗಾಲಲ್ಲಿ ನಿಲ್ಲು ಮಗಾ. ಮಗು ಪಾಪ ಎಲ್ಲಿ ಬಗ್ಗಬೇಕು ಎಲ್ಲಿ ಉದ್ದ ಆಗಬೇಕು ಅಂತ ಮರೆತು ನನ್ನ ಮುಂದೆ ಬಂದು ಮಂಡಿ ಬಗ್ಗಿಸಿ ನಿಲ್ತಿತ್ತು!" ನಗುತ್ತಾರೆ. ಆಮೇಲೆ ದನಿ ಇಳಿಯುತ್ತದೆ. "ಅಷ್ಟು ಹೊತ್ತು ನಿಂತು ಬಂದ ಮಗೂಗೆ ಇಲ್ಲ ಕಂದ ಅನ್ನಬೇಕಲ್ಲ, ಅದು ನನ್ನ ಕೈಲಿ ಆಗ್ತಿರಲಿಲ್ಲ. ಆ ಮುಖ ಸಣ್ಣದಾಗೋದು ನೋಡಿ ನನಗೆ ರಾತ್ರಿ ಊಟ ಇಳೀತಿರಲಿಲ್ಲ."

ಅತ್ತೆಗೆ ಮಂಡಿನೋವು ಹೆಚ್ಚಾಗಿ ಮನೆಯಲ್ಲಿ ಜನ ಬೇಕಾದಾಗ ಆ ಕೆಲಸ ಬಿಟ್ಟರು. ಬಿಡುವ ದಿನ ಒಳಗಿನ ಅಳತೆಕೋಲಿನ ಪಕ್ಕ ಮಾಪಿನ ಹಿಡಿ ಇಟ್ಟು ಅದೇ ಎತ್ತರಕ್ಕೆ ಕತ್ತರಿಸಿ ತಂದರು. ಸರತಿಯ ಕೊನೆಯಲ್ಲಿ ಹೇಳಬೇಕಾಗಿದ್ದ ಮಾತನ್ನು ಈಗ ರಸ್ತೆಯ ಈಚೆ, ಟಿಕೆಟ್ಟು ಕೊಳ್ಳುವ ಮೊದಲೇ ಹೇಳುತ್ತಾರೆ. ಮಗುವನ್ನು ಗೋಡೆಗೆ ಒರಗಿಸುತ್ತಾರೆ, ತಲೆಯ ಮೇಲೆ ಅಂಗೈ ಇಡುತ್ತಾರೆ. ಜುಟ್ಟಿದ್ದರೆ ಒತ್ತುತ್ತಾರೆ, ಚಪ್ಪಲಿ ಬಿಚ್ಚಿಸುತ್ತಾರೆ.

ಗೇಟು ತೆರೆಯುವ ಹೊತ್ತಿಗೆ ಅಂಗಡಿಯ ಮುಂದೆ ಗಲಾಟೆ. ಚೀಲ ಇಡುವ ಕೈ ನಿಲ್ಲದಂತೆಯೇ ಮಾತೂ ನಿಲ್ಲುವುದಿಲ್ಲ. "ಅಣ್ಣಾ, ಒಳಗೆ ಹೋದ ಕೂಡಲೇ ಎಲ್ಲರೂ ಮೊದಲು ಕಂಡದ್ದಕ್ಕೆ ಮುಗಿಬೀಳ್ತಾರೆ. ನೀವು ಸೀದಾ ಕೊನೇಗೆ ನಡೀರಿ, ಅಲ್ಲಿಂದ ಹಿಂದಕ್ಕೆ ಆಡ್ತಾ ಬನ್ನಿ." "ಅಮ್ಮಾ, ನೀರಾಟ ಕೊನೆಗಿರಲಿ. ಬೆಳಿಗ್ಗೇನೇ ನೆನೆದ್ರೆ ಅರ್ಧ ದಿನ ಬಟ್ಟೆ ಬದಲಿಸೋದ್ರಲ್ಲೇ ಹೋಗುತ್ತೆ." "ಊಟಕ್ಕೆ ಒಳಗೆ ದುಡ್ಡು ಸುರೀಬೇಡಿ. ಕೈಗೆ ಮುದ್ರೆ ಹಾಕಿಸ್ಕೊಂಡು ಹೊರಗೆ ಬನ್ನಿ, ನಮ್ಮ ಮಹಡಿ ಮೇಲೆ ಕೂತು ನಿಮ್ಮ ಬುತ್ತಿ ಬಿಚ್ಚಿ. ಸ್ವಲ್ಪ ಬೇಗ ಬಂದ್ರೆ ಎಲ್ಲರೂ ಊಟಕ್ಕೆ ಕೂತಾಗ ನಿಮಗೆ ರೈಡು ಖಾಲಿ ಸಿಗುತ್ತೆ."

ಹತ್ತಿಬಟ್ಟೆಯಲ್ಲಿ ನೀರಿಗಿಳಿಯಲು ಒಳಗೆ ಬಿಡುವುದಿಲ್ಲ. ಅದು ಗೊತ್ತಿಲ್ಲದೆ ಬಂದವರಿಗೆ ಒಂದು ಬುಟ್ಟಿ ಇದೆ. ಹಿಂದಿನ ವರ್ಷಗಳಲ್ಲಿ ಜನ ಮರೆತುಹೋದ ನೈಲಾನ್ ಚಡ್ಡಿ, ಬನಿಯನ್ನುಗಳನ್ನು ಒಗೆದು ಮಡಿಸಿಟ್ಟಿದ್ದಾರೆ. ಬೇಕಾದ್ದು ತೊಟ್ಟು ಹೋಗಿ, ಸಂಜೆ ಹಿಂದಕ್ಕೆ ಕೊಡಿ. ಒಬ್ಬ ದಪ್ಪ ಮೀಸೆಯ ಯಜಮಾನರು ಬಾತುಕೋಳಿ ಚಿತ್ರದ ಚಡ್ಡಿ ಹಿಡಿದು ಅನುಮಾನಿಸುತ್ತಿದ್ದರೆ, ಬಟ್ಟೆ ಮಡಿಸುತ್ತಿರುವ ಅತ್ತೆ ತಲೆ ಎತ್ತದೆಯೇ ಹೇಳುತ್ತಾರೆ. "ಹಾಕ್ಕೊಳ್ಳಿ ಸ್ವಾಮಿ. ನೀರೊಳಗೆ ಯಾರು ನೋಡ್ತಾರೆ? ಬಾತುಕೋಳಿಗೂ ಈಜೋಕೆ ಒಂದು ಅವಕಾಶ ಸಿಗಲಿ."

ಇಷ್ಟೆಲ್ಲದರ ನಡುವೆಯೂ ಚೀಲದಕ್ಕನ ಕಣ್ಣು ಪದೇ ಪದೇ ಬಸ್ ನಿಲ್ದಾಣದ ಕಡೆ ಹೋಗುತ್ತದೆ. ಒಂದೊಂದು ಬಸ್ಸು ಬಂದಾಗಲೂ ಕೈಯಲ್ಲಿದ್ದ ಚೀಲ ಹಾಗೇ ನಿಲ್ಲುತ್ತದೆ. ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದರೆ, ಅವರು ಹೋದ ವರ್ಷದ ಕತೆ ಹೇಳುತ್ತಾರೆ.

ಹೋದ ವರ್ಷ ಇದೇ ವಾರ ಒಬ್ಬ ಬೀಗ ರಿಪೇರಿಯವರು ಮಗಳನ್ನು ಕರೆದುಕೊಂಡು ಬಂದಿದ್ದರು. ಅವರ ಬೀದಿಯ ಅಂಗಡಿಗಳೆಲ್ಲ ವರ್ಷಕ್ಕೊಮ್ಮೆ ಬಾಗಿಲು ಹಾಕುವುದು ಈ ವಾರವೇ. ಹುಡುಗಿಗೆ ಡ್ರ್ಯಾಗನ್ ಹತ್ತುವ ಹುಚ್ಚು. ಚೀಲದಕ್ಕ ಗೋಡೆಗೆ ನಿಲ್ಲಿಸಿ ನೋಡಿದರು. ತಲೆ ಕೆಂಪು ಗೀಟಿಗೆ ಸರಿಯಾಗಿ ತಾಗಿತು. "ದೊಡ್ಡ ಟಿಕೆಟ್ಟೇ ತಗೊಳ್ಳಿ ಅಣ್ಣ, ಧೈರ್ಯವಾಗಿ ಹೋಗಿ," ಎಂದರು.

"ಸಂಜೆ ಬಂದ್ರು. ಹುಡುಗಿಯ ಕಣ್ಣು ಕೆಂಪಗೆ ಊದಿತ್ತು. ಸರತಿಯೆಲ್ಲ ನಿಂತ ಮೇಲೆ ಎತ್ತರ ಸಾಲದು ಅಂತ ವಾಪಸ್ ಕಳಿಸಿದ್ರಂತೆ. ನನ್ನ ನೋಡಿ, ಆಂಟಿ ನಿಮ್ಮ ಗೋಡೆ ಸುಳ್ಳು ಅಂದಳು. ಅವರಪ್ಪ ಬೈದಿದ್ರೆ ಎಷ್ಟೋ ವಾಸಿ ಇತ್ತು. ಏನೂ ಅನ್ನಲಿಲ್ಲ. ಗುಂಡಿ ಕೊಟ್ಟು ಚೀಲ ತಗೊಂಡು ಹೋದ್ರು ಅಷ್ಟೆ."

ಗೋಡೆ ಯಾಕೆ ಸುಳ್ಳು ಹೇಳಿತು ಎಂಬುದು ಅವರಿಗೆ ತಿಳಿಯಲಿಲ್ಲ. ಗೀಟು ಅಳಿಸಿಲ್ಲ, ಯಾರೂ ಮುಟ್ಟಿಲ್ಲ. ಯೋಚಿಸುತ್ತಾ ನಿಂತಿದ್ದಾಗ ಅತ್ತೆ ಹೊಸ್ತಿಲು ದಾಟಿ ಹೊರಗಿಳಿದರು. ಇಳಿಯುತ್ತಾ, ವಾರದಿಂದ ದಿನವೂ ಹೇಳುತ್ತಿದ್ದ ಮಾತನ್ನೇ ಹೇಳಿದರು. "ಈ ಕಲ್ಲು ಹಾಸಿದ್ದು ಒಳ್ಳೇದಾಯ್ತು ಕಣೇ. ಮೆಟ್ಟಿಲು ಇಳಿಯೋಕೆ ಮಂಡಿ ನೋಯಲ್ಲ."

ಹಿಂದಿನ ವಾರ ರಸ್ತೆ ಕೆಲಸದವರು ಬಂದು ಅಂಗಡಿ ಸಾಲಿನ ಮುಂದೆಲ್ಲ ಹೊಸ ಸಿಮೆಂಟ್ ಕಲ್ಲು ಹಾಸಿ ಹೋಗಿದ್ದರು. ನೆಲ ಎರಡು ಬೆರಳು ಮೇಲೆ ಬಂದಿತ್ತು, ಗೀಟು ಮಾತ್ರ ಇದ್ದಲ್ಲೇ ಇತ್ತು.

"ಅತ್ತೆ ವಾರವೆಲ್ಲ ಹೇಳ್ತಾನೇ ಇದ್ರು. ನನ್ನ ಮಂದ ತಲೆಗೆ ಹೊಳೀಲೇ ಇಲ್ಲ. ಓಡಿದೆ ನೋಡಿ ಬಸ್ ನಿಲ್ದಾಣಕ್ಕೆ. ಬಸ್ಸು ಹೋಗಿ ಧೂಳು ಮಾತ್ರ ಇತ್ತು."

ಅಂದೇ ಗೀಟು ಅಳಿಸಿ, ಕೋಲು ಹಿಡಿದು ಹೊಸದಾಗಿ ಎಳೆದರು. ಅಂದಿನಿಂದ ದಿನವೂ ಬೆಳಿಗ್ಗೆ ಕೋಲಿಟ್ಟು ನೋಡದೆ ಅಂಗಡಿ ತೆರೆಯುವುದಿಲ್ಲ. ಆದರೆ ಅವರಿಗೆ ಕೊರಗು ಗೀಟಿನದಲ್ಲ.

"ಅವರು ಏನಂದ್ಕೊಂಡು ಹೋಗಿರ್ತಾರೆ ಹೇಳಿ? ಇವಳು ಪಾರ್ಕಿನವರ ಕಡೆಯವಳು, ದೊಡ್ಡ ಟಿಕೆಟ್ಟು ಮಾರಿಸಿ ಕಮಿಷನ್ ಹೊಡೀತಾಳೆ ಅಂತ ತಾನೆ? ಒಂದು ಸಲ ಬಂದ್ರೆ ಸಾಕು. ಹೀಗಾಯ್ತು ಅಂತ ಹೇಳಿಬಿಡ್ತೀನಿ. ಆಮೇಲೆ ಬೈದುಕೊಳ್ಳಲಿ."

"ಅವರು ಬಂದ್ರೂ ನಿನ್ನ ಹತ್ರ ಯಾಕೆ ಬರ್ತಾರೆ?" ಎಂದು ಅತ್ತೆ ಕೇಳುತ್ತಾರೆ.

ಅತ್ತೆಯ ಮಾತು ಸುಳ್ಳಾಗುವುದಿಲ್ಲ. ಬಿಸಿಲೇರುವ ಹೊತ್ತಿಗೆ ಬಂದ ಬಸ್ಸಿನಿಂದ ಒಬ್ಬ ತೆಳ್ಳಗಿನ ಮನುಷ್ಯ, ಎರಡು ಜಡೆಯ ಹುಡುಗಿ ಇಳಿಯುತ್ತಾರೆ. ಎಲ್ಲರೂ ಅಂಗಡಿಯ ಕಡೆ ತಿರುಗಿದರೆ ಇವರಿಬ್ಬರು ಚೀಲ ಹೆಗಲಿಗೇರಿಸಿ ರಸ್ತೆ ದಾಟಿ, ಆಚೆ ಬದಿಯಿಂದಲೇ ನೇರ ಗೇಟಿನ ಕಡೆ ನಡೆಯುತ್ತಾರೆ. ಹುಡುಗಿ ಒಮ್ಮೆ ತಿರುಗಿ ಗೋಡೆಯನ್ನು ನೋಡುತ್ತಾಳೆ. ಅಪ್ಪ ನೋಡುವುದಿಲ್ಲ.

ಗಿರಾಕಿಗಳನ್ನು ಎಂದೂ ಕೂಗಿ ಕರೆಯದ ಚೀಲದಕ್ಕ, ಯಾರದೋ ಚೀಲವನ್ನು ಅತ್ತೆಯ ತೊಡೆಯ ಮೇಲೆ ಹಾಕಿ, ಬಾಗಿಲ ಹಿಂದಿನ ಕೋಲು ಎಳೆದುಕೊಂಡು, "ಅಣ್ಣಾ! ಬೀಗದಣ್ಣಾ!" ಎಂದು ಕೂಗುತ್ತಾ ರಸ್ತೆಗಿಳಿಯುತ್ತಾರೆ. ಒಂದು ಆಟೋ ಗಕ್ಕನೆ ನಿಲ್ಲುತ್ತದೆ. ಕೋಲು ಹಿಡಿದು ಓಡಿಬರುವ ಹೆಂಗಸನ್ನು ಕಂಡು ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಬೇಡಮ್ಮ, ನಮಗೆ ಚೀಲ ಇಡೋದೇನಿಲ್ಲ."

"ಚೀಲ ಬೇಡ ಅಣ್ಣ, ಒಂದು ಮಾತು ಕೇಳಿ ಹೋಗಿ." ಏದುಸಿರು ಬಿಡುತ್ತಲೇ ಹೇಳುತ್ತಾರೆ, ಕಲ್ಲು ಹಾಸಿದ್ದು, ನೆಲ ಏರಿದ್ದು, ಅತ್ತೆಯ ಮಂಡಿ, ಬಸ್ಸು ಹೋದದ್ದು. ಎಲ್ಲವೂ ಹಿಂದು ಮುಂದಾಗಿ ಬರುತ್ತವೆ. ಬೀಗದವರು ರಸ್ತೆಯಾಚೆಯ ಕಲ್ಲನ್ನೂ ಗೋಡೆಯನ್ನೂ ನೋಡುತ್ತಾರೆ. ಕೀಲಿ, ಸಂದು, ಕೂದಲೆಳೆಯ ವ್ಯತ್ಯಾಸಗಳಲ್ಲೇ ಬದುಕುವ ಮನುಷ್ಯ. ಬೇಗ ಅರ್ಥವಾಗುತ್ತದೆ.

"ಹಾಗೋ. ನಾನು ಬೇರೆ ಏನೋ ಅಂದ್ಕೊಂಡಿದ್ದೆನಮ್ಮ," ಎನ್ನುತ್ತಾರೆ.

"ಗೊತ್ತು ಅಣ್ಣ. ಅದಕ್ಕೇ ಓಡಿ ಬಂದೆ."

ಅಷ್ಟರಲ್ಲಿ ಹುಡುಗಿ ಕೋಲನ್ನು ತಾನೇ ತೆಗೆದುಕೊಂಡು ನೆಲಕ್ಕೆ ಊರಿ ಪಕ್ಕದಲ್ಲಿ ಸೆಟೆದು ನಿಂತಿದ್ದಾಳೆ. ತಲೆ ಕೋಲಿಗಿಂತ ಮೇಲೆ ಬಂದಿದೆ, ಅನುಮಾನಕ್ಕೆಡೆಯಿಲ್ಲದಷ್ಟು. ಅದೇ ಹೊತ್ತಿಗೆ ಪಾರ್ಕಿನ ಗೋಡೆಯಾಚೆ ಡ್ರ್ಯಾಗನ್ ತುದಿಯಿಂದ ಕೆಳಗೆ ಧುಮುಕುತ್ತದೆ. ಅದರಲ್ಲಿದ್ದವರ ಚೀತ್ಕಾರ ಇಲ್ಲಿಯವರೆಗೂ ಬರುತ್ತದೆ. ಹುಡುಗಿ ಕೋಲನ್ನು ಹಿಂದಕ್ಕೆ ಕೊಡುತ್ತಾಳೆ.

"ಅಪ್ಪಾ, ನಂಗೆ ಬೇಡ."

"ವರ್ಷ ಪೂರ್ತಿ ತಲೆ ತಿಂದಿದ್ದೀಯಲ್ಲೇ! ದಿನಾ ಬಾಗಿಲಿಗೆ ಒರಗಿ ನಿಂತು ಉದ್ದ ನೋಡ್ಕೊಳ್ತಿದ್ದೆ!"

"ಬೈಬೇಡಿ ಅಣ್ಣ. ಕಾಲು ಉದ್ದ ಆದಷ್ಟು ಬೇಗ ಧೈರ್ಯ ಉದ್ದ ಆಗಲ್ಲ. ನೀವು ಸಣ್ಣ ಟಿಕೆಟ್ಟೇ ತಗೊಳ್ಳಿ. ಸಂಜೆ ಇವಳಿಗೆ ಮನಸ್ಸಾದ್ರೆ ಆ ಒಂದು ರೈಡಿಗೆ ಮಾತ್ರ ಅಲ್ಲೇ ಕೆಳಗೆ ಚೀಟಿ ಕೊಡ್ತಾರೆ. ಆ ಹೊತ್ತಿಗೆ ಸರತೀನೂ ಇರಲ್ಲ. ಮನಸ್ಸಾಗದಿದ್ರೆ ನಿಮ್ಮ ದುಡ್ಡು ನಿಮ್ಮ ಜೇಬಲ್ಲೇ."

ಬೀಗದವರು ಹೆಗಲಿನ ಚೀಲ ಇಳಿಸಿ ಚೀಲದಕ್ಕನ ಕೈಗೆ ಕೊಡುತ್ತಾರೆ.

ಸಂಜೆ ಮಹಡಿಯ ಹಗ್ಗಗಳ ತುಂಬ ಅಂಗಿ, ಚಡ್ಡಿ, ಟವೆಲ್ಲು. ಬಾತುಕೋಳಿ ಚಡ್ಡಿಯೂ ಹಿಂದಿರುಗಿ ನೇತಾಡುತ್ತಿದೆ. ಅಪ್ಪ ಮಗಳು ಬರುತ್ತಾರೆ. ಹುಡುಗಿಯ ಎರಡು ಜಡೆಯಲ್ಲಿ ಒಂದು ಬಿಚ್ಚಿಹೋಗಿದೆ.

"ಹತ್ತಿದ್ಯೇನೇ?" ಅತ್ತೆಗೆ ತಡೆಯಲಾಗುವುದಿಲ್ಲ.

"ಹತ್ತಿದೆ ಅಜ್ಜಿ."

"ಮೇಲಿಂದ ಏನು ಕಾಣ್ಸುತ್ತೆ?"

"ಗೊತ್ತಿಲ್ಲ. ಪೂರ್ತಿ ಕಣ್ಣು ಮುಚ್ಕೊಂಡಿದ್ದೆ."

"ದುಡ್ಡು ಕೊಟ್ಟು ಕತ್ತಲೆ ನೋಡಿ ಬಂದಳು," ಎನ್ನುತ್ತಾರೆ ಅಪ್ಪ. ಮುಖದಲ್ಲಿ ಮಾತ್ರ ಹೆಮ್ಮೆ ಮುಚ್ಚಿಡಲು ಆಗುತ್ತಿಲ್ಲ.

ಅವರು ಚೀಲ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೋಗುತ್ತಾರೆ. ಅಲ್ಲಿ ಬೇರೊಂದು ಸಂಸಾರ ಈಗಷ್ಟೇ ಇಳಿದು, ನಾಳೆಗೆ ಟಿಕೆಟ್ಟು ಎಲ್ಲಿ, ಹೇಗೆ ಎಂದು ಗೊಂದಲದಲ್ಲಿ ನಿಂತಿದೆ. ಬೀಗದವರು ಇತ್ತ ಕೈ ತೋರಿಸಿ ಹೇಳುವುದು ಅಂಗಡಿಯವರೆಗೂ ಕೇಳಿಸುತ್ತದೆ. "ಮೊದಲು ಆ ಗೋಡೆ ಹತ್ರ ಮಕ್ಕಳನ್ನ ನಿಲ್ಲಿಸಿ, ಆಮೇಲೆ ಟಿಕೆಟ್ಟು ತಗೊಳ್ಳಿ. ಆ ಅಕ್ಕ ಹೇಳಿದ್ರೆ ನಂಬಬಹುದು."

ಚೀಲದಕ್ಕ ಮಡಿಸಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಿಸುತ್ತಾರೆ.

"ಕೇಳಿಸ್ತಾ?" ಎನ್ನುತ್ತಾರೆ ಅತ್ತೆ.

"ಏನು?"

"ಕಿವುಡಿ ಥರ ಆಡಬೇಡ."

ಸೊಸೆ ಟವೆಲ್ಲು ಪಕ್ಕಕ್ಕಿಟ್ಟು, ಬೆಳಿಗ್ಗೆ ಮಾತ್ರ ಗೋಡೆಗಿಡುವ ಕೋಲನ್ನು ಸಂಜೆಯ ಬೆಳಕಿನಲ್ಲಿ ಇನ್ನೊಮ್ಮೆ ತರುತ್ತಾರೆ. ಗೋಡೆಗೆ ಒತ್ತಿ, ಮೊಣಕಾಲೂರಿ ಬುಡ ನೋಡುತ್ತಾರೆ, ಎದ್ದು ತುದಿ ನೋಡುತ್ತಾರೆ.

"ಸರಿಯಾಗೇ ಇದೆ ಅತ್ತೆ," ಎನ್ನುತ್ತಾರೆ, ಬಿರಿದ ಬೆರಳಿನಿಂದ ಕೆಂಪು ಗೀಟಿನ ಮೇಲಿನ ಧೂಳು ಒರೆಸುತ್ತಾ.