ರದ್ದಿ ಪೇಪರಿನ ಅಳತೆ

ಹಾನಗಲ್ಲಿನ ಮೇದಾರ ಗುತ್ತೆಪ್ಪನ ಬಗ್ಗೆ ನಾನು ಬರೆಯುವುದೆಂದರೆ ಕಳ್ಳನೇ ಪಂಚನಾಮೆ ಬರೆದಂತೆ. ಆದರೂ ಬರೆಯಬೇಕಾಗಿದೆ. ಅವನನ್ನು ಹುಚ್ಚನೆಂದು ನೆನೆದು ನಗುವವರು ಊರಿನಲ್ಲಿ ಇನ್ನೂ ಇದ್ದಾರೆ.

ಗುತ್ತೆಪ್ಪ ಕೈಯಲ್ಲಿ ಹಿಡಿದರೆ ಬಿದಿರು ತಾನಾಗಿಯೇ ಬಾಗುತ್ತಿತ್ತು. ಅವನ ಬುಟ್ಟಿಯಲ್ಲಿ ನೀರು ಹೊತ್ತು ತಂದರೆ ಒಂದು ಹನಿ ಸೋರುತ್ತಿರಲಿಲ್ಲ. ಅವನು ಹೆಣೆದ ಕಣಜಕ್ಕೆ ಹೊಕ್ಕ ಇಲಿಯೊಂದು ಹೊರಬರಲು ಸಂದಿ ಸಿಗದೆ ಅಲ್ಲೇ ಮುದಿಯಾಗಿ, ಮರಿಮಕ್ಕಳ ಮದುವೆ ಮಾಡಿ ಸತ್ತಿತು. ಇದರಲ್ಲಿ ಅರ್ಧ ನನ್ನ ನಾಲಿಗೆಯ ದುಡಿಮೆ. ಆದರೆ ಒಂದು ಮಾತು ಪೂರ್ತಿ ನಿಜ: ಗುತ್ತೆಪ್ಪ ಅಳತೆಕೋಲು ಮುಟ್ಟಿದವನಲ್ಲ. ಕಣ್ಣಿನಿಂದ ನೋಡಿ ಕೈಯಿಂದ ಹೆಣೆದನೆಂದರೆ ಹತ್ತು ಮೊರಗಳು ಒಂದೇ ಎರಕದಲ್ಲಿ ಹೊಯ್ದಂತೆ ಇರುತ್ತಿದ್ದವು.

ನಾನು ಆಗ ಪೇಟೆಯಲ್ಲಿ ಅಪ್ಪನ ಕಿರಾಣಿ ಅಂಗಡಿಯ ಗಾದಿಯ ಮೇಲೆ ಕೂರುತ್ತಿದ್ದೆ. ಸಾಮಾನು ಕಟ್ಟಿಕೊಡಲು ಹುಬ್ಬಳ್ಳಿಯಿಂದ ಇಂಗ್ಲಿಷ್ ಪೇಪರಿನ ರದ್ದಿ ಬರುತ್ತಿತ್ತು. ಗಿರಾಕಿಗಳಿಗೆ ಅದನ್ನು ಓದಿ ಹೇಳುವುದು ನನ್ನ ಚಾಳಿ. ನನಗೆ ಇಂಗ್ಲಿಷ್ ಬರುತ್ತದೆಂದು ಊರು ನಂಬಿತ್ತು. ಬರುತ್ತಿದ್ದದ್ದು ಎ ಬಿ ಸಿ ಡಿ. ಅದೂ ಎಲ್ ದಾಟಿದ ಮೇಲೆ ಮಬ್ಬುಗತ್ತಲು. ಚಿತ್ರ ನೋಡುತ್ತಿದ್ದೆ, ಉಳಿದದ್ದನ್ನು ಹುಟ್ಟಿಸುತ್ತಿದ್ದೆ. ಬ್ಯಾಡಗಿ ಮೆಣಸಿನಕಾಯಿ ಕಡಿದ ಸಾಹೇಬನೊಬ್ಬ ಲಂಡನ್ನಿನಲ್ಲಿ ಮೂರು ದಿನ ಅತ್ತು ಅಲ್ಲಿಯ ಹೊಳೆ ಏರಿಸಿದ ಸುದ್ದಿಯನ್ನು ಜನ ನನ್ನಿಂದ ನಾಲ್ಕು ಸಲ ಓದಿಸಿಕೊಂಡಿದ್ದರು.

ಮೂವತ್ತೈದನೆಯ ಇಸವಿ ಇರಬೇಕು. ಆಗ ವಿಮಾನ ಮಾಡುವವರಿಗೆಲ್ಲ ಒಟ್ಟಿಗೇ ತಲೆ ತಿರುಗಿದಂತಿತ್ತು. ರದ್ದಿಯಲ್ಲಿ ಒಂದು ವಿಮಾನಕ್ಕೆ ನೆತ್ತಿಯ ಮೇಲೆ ಬೀಸಣಿಗೆ, ಇನ್ನೊಂದಕ್ಕೆ ಅಟ್ಟದ ಮೇಲೆ ಅಟ್ಟ ಕಟ್ಟಿದಂತೆ ರೆಕ್ಕೆ, ಮತ್ತೊಂದಕ್ಕೆ ಬಾಲವೇ ಇಲ್ಲ. ಅಂಥದ್ದೇ ಒಂದು ಹಾಳೆಯಲ್ಲಿ ನಾನು ಬೆಲ್ಲ ಕಟ್ಟುತ್ತಿದ್ದಾಗ ಗುತ್ತೆಪ್ಪ ನನ್ನ ಕೈ ಹಿಡಿದ.

"ಸಾವ್ಕಾರ್ರ, ಈ ಕಾಗದ ಹರೀಬ್ಯಾಡ್ರಿ. ಇದು ಯಾರು ಹೆಣೆದ ಮೊರ?"

"ಮೊರ ಅಲ್ಲೋ ಮಾರಾಯಾ, ಇಮಾನ. ರೆಕ್ಕಿ ದುಂಡಗ ಮಾಡ್ಯಾರ ನೋಡು."

ನಿಜವಾಗಿಯೂ ಹಾಗೇ ಇತ್ತು. ಬುಟ್ಟಿಯ ಮುಚ್ಚಳದಂಥ ದುಂಡನೆಯ ರೆಕ್ಕೆ, ಅದರ ಕೆಳಗೆ ಕೂತ ಒಬ್ಬ ಮನುಷ್ಯ, ಹಿಂದೆ ಬಾಲ. ಗುತ್ತೆಪ್ಪ ಬೆಲ್ಲ ಮರೆತ.

"ಇದರ ಅಳತಿ ಬರದಾರೇನ್ರಿ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಂಗಡಿಯ ಮುಂದೆ ನಾಲ್ಕು ಜನ ಗಿರಾಕಿಗಳು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಚಿತ್ರದ ಕೆಳಗಿನ ಎರಡು ಸಾಲುಗಳ ಮೇಲೆ ಬೆರಳಾಡಿಸಿ ಓದಿದೆ: "ಅಗಲ ಒಂಬತ್ತು ಮೊಳ. ನಡುವಿನ ಉಬ್ಬು ಒಂದು ಗೇಣು. ಬಾಲ ಎರಡು ಮೊಳ."

"ಯಾರ ಮೊಳ ರಿ?"

"ಮಾಡಾಂವನ ಮೊಳ. ಹಂಗಂತನ ಬರದಾರ."

ಗುತ್ತೆಪ್ಪ ಒಂದು ಕಣ್ಣು ಮುಚ್ಚಿ ಚಿತ್ರ ನೋಡಿದ. "ಬಾಲ ಎರಡ ಮೊಳ ಸಾಲಂಗಿಲ್ರಿ. ಇಲ್ಲಿ ಉದ್ದ ಕಾಣತೈತಿ."

"ನಿನ್ನ ಕಣ್ಣು ದೊಡ್ಡದೋ, ಅಚ್ಚಾದ ಅಕ್ಷರ ದೊಡ್ಡದೋ?"

ನಾಲ್ಕೂ ಜನ ನಕ್ಕರು. ಗುತ್ತೆಪ್ಪ ಹಾಳೆಯನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದ. ಅದನ್ನು ಅಂಗಳದ ಗೋಡೆಗೆ ಅಂಟಿಸಿ, ಜನ್ಮದಲ್ಲಿ ಮೊದಲ ಸಲ ಒಂದು ಅಳತೆಕೋಲು ಕತ್ತರಿಸಿದ.

ಮೂರು ತಿಂಗಳು ಹಿಡಿಯಿತು. ಬಿದಿರನ್ನು ಎಷ್ಟು ತೆಳ್ಳಗೆ ಸೀಳಿದನೆಂದರೆ ಕೆಮ್ಮಿದರೆ ಸಿಬಿರುಗಳು ಅಂಗಳದಲ್ಲಿ ನಡೆದಾಡುತ್ತಿದ್ದವು. ಹೆಣೆದ ಚೌಕಟ್ಟಿನ ಮೇಲೆ ಹೆಂಡತಿ ಅಡಿವೆವ್ವನ ಎರಡು ಸೀರೆಗಳನ್ನು ಹುಣಸೆಬೀಜದ ಅಂಟಿನಿಂದ ಬಿಗಿದ. ನಾನು ದಿನಾ ಹೋಗಿ ನೋಡುತ್ತಿದ್ದೆ. ಅವನು ದಿನಕ್ಕೊಂದು ಹೊಸ ಅಳತೆ ಕೇಳುತ್ತಿದ್ದ. ನಾನು ಗೋಡೆಯ ಮುಂದೆ ನಿಂತು ಅದನ್ನೂ ಓದುತ್ತಿದ್ದೆ. ನನ್ನ ಬಾಯಿಂದ ಬಂದ ಸುಳ್ಳು ಮರುದಿನ ಬಿದಿರಾಗಿ ಅಂಗಳದಲ್ಲಿ ನಿಂತಿರುತ್ತಿತ್ತು.

ಇದನ್ನು ಚಪ್ಪರಕ್ಕೋ ಮದುವೆಯ ಶೋಭೆಗೋ ಇಟ್ಟುಕೊಂಡಾನು ಎಂದುಕೊಂಡಿದ್ದೆ. ಒಂದು ದಿನ ಗುತ್ತೆಪ್ಪ, "ಬಂಕಾಪುರದ ಕೋಟಿ ಗ್ವಾಡಿ ಮ್ಯಾಲಿಂದ ಬಿಡತೇನ್ರಿ. ಕೆಳಗ ನಾನ ಜೋತು ಬೀಳತೇನಿ" ಎಂದ. ನನ್ನ ಬಾಯಿಯಲ್ಲಿದ್ದ ಎಲೆಅಡಿಕೆ ಗಂಟಲಿಗೆ ಇಳಿಯಿತು.

ಪೀರಸಾಬನ ಬಂಡಿಯಲ್ಲಿ ರೆಕ್ಕೆ ಹೊರಟಿತು. ಹಿಂದೆ ಸಾವಿರ ಜನ. ನನ್ನ ಸಾವಿರವೆಂದರೆ ನೀವು ನಲವತ್ತು ಎಂದು ಹಿಡಿಯಬಹುದು. ಕೋಟೆಯ ಗೋಡೆ ಅಲ್ಲಿ ಎರಡಾಳು ಎತ್ತರ, ಕೆಳಗೆ ಹುಲ್ಲು ಬೆಳೆದ ಬಯಲು. ಗುತ್ತೆಪ್ಪ ಗೋಡೆಯ ತುದಿಯಲ್ಲಿ ನಿಂತು ಧೋತರ ಬಿಗಿದ. ನಾನು ಅವನ ಪಕ್ಕದಲ್ಲೇ ಇದ್ದೆ.

"ಸಾವ್ಕಾರ್ರ, ಮತ್ತೇನರ ಬರದಿತ್ತೇನ್ರಿ? ಹಾರೂ ಮೊದಲ ಮಾಡೂದು?"

ಬಾಯಿ ತೆರೆದೆ. ಅದೆಲ್ಲ ಸುಳ್ಳು, ಇಳಿ ಎನ್ನುವಷ್ಟು ಹೊತ್ತು ಇತ್ತು. ಆದರೆ ಕೆಳಗೆ ನಲವತ್ತು ಮುಖಗಳು ನನ್ನ ನಗೆಚಾಟಿಕೆಗೆ ಕಾಯುತ್ತಿದ್ದವು. ಆ ಮುಖಗಳ ಮುಂದೆ ಇಂಗ್ಲಿಷ್ ಬಾರದವನಾಗಲು ನನ್ನಿಂದ ಆಗಲಿಲ್ಲ.

"ಹೋಗೂ ಮುಂದ ಹುಬ್ಬಳ್ಳಿ ಮ್ಯಾಲ ಹಾಯ್ದು, ಶೇಂಗಾ ಧಾರಣಿ ಕೇಳಿಕೊಂಡು ಬಾರೋ" ಎಂದೆ.

ಜನ ಬಿದ್ದು ಬಿದ್ದು ನಕ್ಕರು. ಆ ನಗೆಯೊಳಗೇ ಗುತ್ತೆಪ್ಪ ಜಿಗಿದ.

ಹಾರಿತು. ಇಲ್ಲಿ ಮಾತ್ರ ನಾನು ಒಂದು ಬೊಟ್ಟೂ ಬೆಳೆಸುವುದಿಲ್ಲ. ಆಮೇಲೆ ಒಬ್ಬನೇ ಹೋಗಿ ಅಳೆದಿದ್ದೇನೆ. ಹನ್ನೊಂದು ಮಾರು ತೇಲಿತು. ಆಮೇಲೆ ಮೂಗು ಕೆಳಗೆ ಮಾಡಿ, ಕಾಳು ಕಂಡ ಕೋಳಿಯಂತೆ ನೆಲಕ್ಕೆ ಕುಟ್ಟಿತು. ಗುತ್ತೆಪ್ಪನ ಬಲಗಾಲು ಮುರಿಯಿತು.

ನಾಟಿ ವೈದ್ಯರು ಕಟ್ಟಿದ ಕಾಲು ಎರಡು ತಿಂಗಳಲ್ಲಿ ಕೂಡಿಕೊಂಡಿತು. ಕೈಗಳಿಗೆ ಏನೂ ಆಗಿರಲಿಲ್ಲ. ಆದರೆ ಗುತ್ತೆಪ್ಪ ಬಿದಿರು ಮುಟ್ಟಲಿಲ್ಲ. ಸುಗ್ಗಿ ಹತ್ತಿರ ಬಂದು ಜನ ಮೊರ ಕೇಳಿದರೆ, "ನನ್ನ ಕೈಯಾಗ ಅಳತಿ ತಪ್ಪೈತ್ರಿ. ಅಕ್ಷರದಾಗ ಬರಕೊಟ್ಟರೂ ಮಾಡಾಕ ಬರಲಿಲ್ಲ" ಎಂದು ತಿರುಗಿಸಿ ಕಳಿಸುತ್ತಿದ್ದ. ಅವನಲ್ಲಿ ಇದ್ದದ್ದು ಆ ಕೈ ಒಂದೇ. ಅದರ ಮೇಲಿನ ನಂಬಿಕೆಯನ್ನು ನಾನು ಕಸಿದಿದ್ದೆ.

ಕೊನೆಗೆ ತಡೆಯಲಾರದೆ ಹೋಗಿ ಹೇಳಿದೆ. "ಗುತ್ತೆಪ್ಪ, ಆ ಅಳತಿ ಪೇಪರಿನ್ಯಾಗ ಇರಲಿಲ್ಲ. ನಾ ಹುಟ್ಟಿಸಿ ಹೇಳಿದ್ದು. ನನಗ ಇಂಗ್ಲಿಷ್ ಬರಂಗಿಲ್ಲ."

ಅವನು ಎಷ್ಟೋ ದಿನಗಳ ಮೇಲೆ ನಕ್ಕ. "ನನ್ನ ಸಮಾಧಾನಕ್ಕ ನಿಮ್ಮ ಹೆಸರು ಯಾಕ ಕೆಡಿಸಿಕೊಳ್ತೀರಿ, ಬಿಡ್ರಿ. ದೊಡ್ಡ ಮನಸು ನಿಮ್ಮದು."

ಹುಟ್ಟಿದ ಮೇಲೆ ನಾನು ಆಡಿದ ಮೊದಲ ನಿಜಕ್ಕೆ ಸಿಕ್ಕ ಬೆಲೆ ಅದು. ಚಪ್ಪಲಿ ಮೆಟ್ಟಿಕೊಳ್ಳುವಾಗ ಅಡಿವೆವ್ವ ಬಾಗಿಲ ಹೊರಗೆ ಬಂದಳು.

"ನಂಗ ಅವತ್ತ ಅನಸಿತ್ರಿ. ಸಾಹೇಬ್ರು ಮೊಳ, ಗೇಣಿನ್ಯಾಗ ಅಳೀತಾರೇನು?"

"ಹಂಗಾರ ಯಾಕ ಹೇಳಲಿಲ್ಲವ್ವ?"

"ಮೇದಾರಾಕಿ ಮಾತು ನಿಮ್ಮ ಪೇಪರಿಗಿಂತ ದೊಡ್ಡದಾಗತಿತ್ತೇನ್ರಿ? ಒಳಗ ಹೇಳಿದ್ದು ಸಾಲಂಗಿಲ್ಲ, ಸಾವ್ಕಾರ್ರ. ನಲವತ್ತು ಮಂದಿ ಮುಂದ ನಗಿಸಿದ್ರಿ. ಆ ಮಂದಿ ಮುಂದನ ಹೇಳ್ರಿ."

ಎಂಟು ದಿನ ಜ್ವರದ ನೆಪ ಹೇಳಿಕೊಂಡು ಮನೆಯಲ್ಲಿ ಮಲಗಿದೆ. ಒಂಬತ್ತನೆಯ ದಿನ ಎದ್ದು, ಧಾರವಾಡದಿಂದ ಆಗಷ್ಟೇ ವರ್ಗವಾಗಿ ಬಂದಿದ್ದ, ಇಂಗ್ಲಿಷ್ ಬಲ್ಲ ಶಂಕ್ರಪ್ಪ ಮಾಸ್ತರರನ್ನು ಕರೆದುಕೊಂಡು ಮೇದಾರ ಓಣಿಗೆ ನಡೆದೆ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಬನ್ನಿ ಎಂದೆ. ಹೊಸ ತಮಾಷೆ ಇರಬೇಕೆಂದು ಎಲ್ಲರೂ ಬಂದರು.

"ಮಾಸ್ತರ್ರ, ಚಿತ್ರದ ಕೆಳಗಿಂದು ಎಲ್ಲಾರಿಗೂ ಕೇಳೂವಂಗ ಓದ್ರಿ" ಎಂದೆ, ಗುತ್ತೆಪ್ಪನ ಗೋಡೆಯ ಹಾಳೆ ತೋರಿಸಿ.

ಮಾಸ್ತರರು ಕನ್ನಡಕ ಏರಿಸಿ ಕನ್ನಡಕ್ಕೆ ತಿರುಗಿಸಿ ಓದಿದರು: "'ಅಮೆರಿಕೆಯಲ್ಲಿ ಪರೀಕ್ಷೆಗಾಗಿ ಹಾರಿಸಿದ ದುಂಡು ರೆಕ್ಕೆಯ ವಿಮಾನ. ಎತ್ತರದಿಂದ ನಿಧಾನವಾಗಿ ಇಳಿಯಬಲ್ಲದೆಂದು ಹೇಳಲಾಗಿದೆ.' ಇಷ್ಟ ಐತಿ."

"ಅಳತಿ?" ಎಂದ ಗುತ್ತೆಪ್ಪ.

"ಅಳತಿ ಇಲ್ಲಪಾ. ಒಂದು ಅಂಕಿ ಸೈತ ಇಲ್ಲ."

ಜನ ನಗಲು ಬಾಯಿ ತೆರೆದವರು ಹಾಗೇ ನನ್ನ ಕಡೆ ತಿರುಗಿದರು. ಪೀರಸಾಬ ಮಾತ್ರ ಮೆಲ್ಲಗೆ, "ಮಾಲಿಂಗಪ್ಪ, ಅಂವ ಸತ್ತಿದ್ರ ಏನು ಓದತಿದ್ದಿ?" ಎಂದ.

ಗುತ್ತೆಪ್ಪ ನನ್ನನ್ನು ನೋಡಲಿಲ್ಲ. ಚಿತ್ರವನ್ನೇ ನೋಡುತ್ತ, "ಬಾಲ ಉದ್ದ ಇರಬೇಕಿತ್ತು. ನನ್ನ ಕಣ್ಣು ಖರೇನ ಹೇಳಿತ್ತು" ಎಂದು ತನಗೆ ತಾನೇ ಅಂದುಕೊಂಡ. ಆಮೇಲೆ ಕುಂಟುತ್ತ ಹೋಗಿ ಮೂಲೆಯಲ್ಲಿದ್ದ ಬಿದಿರನ್ನು ಎಳೆದುಕೊಂಡು ಕೂತು ಸೀಳತೊಡಗಿದ. ಅಡಿವೆವ್ವ ಅವನ ಎದುರು ಕೂತು ಸಿಬಿರು ನಯ ಮಾಡಿದಳು. ಜನ ಒಬ್ಬೊಬ್ಬರಾಗಿ ಕರಗಿದರು, ಮಾಸ್ತರರೂ ಹೋದರು.

ನಾನು ಅಂಗಳದ ನಡುವೆ ನಿಂತಿದ್ದೆ. ಊರಿನಲ್ಲಿ ಯಾವ ಮನೆಗೆ ಹೋದರೂ ಮೊದಲು ನನಗೆ ಕಂಬಳಿ ಹಾಸುತ್ತಿದ್ದರು. ಅವತ್ತು ಗುತ್ತೆಪ್ಪ ಒಂದು ಮೊರದ ಅಂಚು ಕಟ್ಟಿ ಮುಗಿಸುವವರೆಗೂ ನಿಂತೇ ಇದ್ದೆ. ಕೂಡ್ರಿ ಎಂದು ಯಾರೂ ಅನ್ನಲಿಲ್ಲ.